ಪರದೆಯ ಹಿಂದೆ ಮೂರು ಡಬ್ಬಿ

– ಉಳವಿಯಲ್ಲಿ ನಿಂತು ಎಚ್‌ಐವಿ ಬಗ್ಗೆ ಜನರನ್ನು ಕೇಳ್ತೇನೆ ಅಂತೀರಿ. ಇಲ್ಲಿ ಯಾರ ಮನೆಗೆ ಯಾವ ನೆಂಟರು ಬಂದರು, ಬೆಳಗಿನ ಬಸ್ಸಿಗೆ ಯಾರು ದಾಂಡೇಲಿಗೆ ಹೊರಟರು ಅನ್ನುವುದೆಲ್ಲ ಊರಿಗೇ ಗೊತ್ತಿರ್ತದೆ. ಇಂಥ ಕಡೆ ಈ ವಿಷಯಕ್ಕೆ ಬಾಯಿ ಬಿಡುವವರು ಯಾರಿದ್ದಾರೆ?

– ಬಾಯಿ ಬಿಡದೆಯೂ ಹೇಳುವ ದಾರಿಯೊಂದಿದೆ, ನಮ್ಮ ಕರ್ನಾಟಕದಲ್ಲೇ ಬಳಸಿದ್ದು. ಅಲ್ಲಿಗೆ ಬರ್ತೇನೆ. ಮೊದಲು ನೀವು ಹೇಳಿ. ಜೋಯಿಡಾ ತಾಲೂಕಿನ ಒಬ್ಬ ಹೆಣ್ಣುಮಗಳಿಗೆ ಸೋಂಕು ಇದೆ ಅಂತಿಟ್ಟುಕೊಳ್ಳಿ. ಮಾತ್ರೆಗೆ ಆಕೆ ಎಲ್ಲಿಗೆ ಹೋಗ್ತಾಳೆ?

– ಹತ್ತಿರ ಎಲ್ಲಿ ಕೊಡ್ತಾರೋ ಅಲ್ಲಿಗೆ. ಈ ಕಾಡಿನಿಂದ ಹೊರಗೆ ಹೋಗಿ ಬರುವುದೇ ಕಷ್ಟ, ದೂರ ಯಾಕೆ ಹೋದಾಳು?

– ಯೋಜನೆ ಬರೆಯುವವರೂ ಹಾಗೇ ಅಂದುಕೊಳ್ತಾರೆ. ನಾನು ಆಪ್ತಸಮಾಲೋಚಕಿಯಾಗಿದ್ದಾಗ ನನ್ನೆದುರು ಬಂದು ಕೂತವರಲ್ಲಿ ಎಷ್ಟೋ ಜನ ತಮ್ಮೂರ ಹತ್ತಿರದ ಕೇಂದ್ರವನ್ನು ದಾಟಿಕೊಂಡು ಬಂದವರು. ಹತ್ತಿರದ ಆಸ್ಪತ್ರೆಯಲ್ಲಿ ಲ್ಯಾಬಿನವರು ಪಕ್ಕದ ಕೇರಿಯವರು, ಔಷಧಿ ಕೊಡುವವರು ಅತ್ತಿಗೆಯ ತವರಿನವರು. ಅದಕ್ಕೆ ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಯೇ ಬೇಕು. ಅಲ್ಲಿ ಗದ್ದಲ ಇರ್ತದೆ, ಯಾರೂ ಯಾರ ಮುಖ ನೋಡುವುದಿಲ್ಲ. ಒಂದು ದಿನದ ಕೂಲಿ ಹೋಗ್ತದೆ, ಬಸ್ಸಿನ ದುಡ್ಡು ಹೋಗ್ತದೆ, ಮನೆಯಲ್ಲಿ ಒಂದು ನೆವ ಹೇಳಬೇಕಾಗ್ತದೆ. ಈ ಮೂರರಲ್ಲಿ ಒಂದು ಹೊಂದದಿದ್ದರೂ ಆ ತಿಂಗಳು ಮಾತ್ರೆ ತಪ್ಪಿತು. ಹಾಜರಿಯಲ್ಲಿ ‘ಬಂದಿಲ್ಲ’ ಅಂತ ಬೀಳ್ತದೆ. ಅತ್ತಿಗೆಯ ತವರಿನ ಕಥೆ ಆ ಒಂದು ಶಬ್ದದಲ್ಲಿ ಹಿಡಿಸುವುದಿಲ್ಲ.

– ಈಗ ದಿನಕ್ಕೆ ಒಂದೇ ಮಾತ್ರೆ ಅಂತಾರಲ್ಲ. ಮೊದಲಿನಷ್ಟು ತ್ರಾಸಿಲ್ಲ ಅಂತ ಕೇಳಿದ್ದೆ.

– ತ್ರಾಸು ಕಡಿಮೆಯಾದದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತವಾಗಿ ಈ ಔಷಧಿ ಕೊಡಲು ಶುರು ಮಾಡಿದಾಗ ಇಡೀ ದೇಶದಲ್ಲಿ ಕೊಡ್ತಿದ್ದದ್ದು 8 ಆಸ್ಪತ್ರೆಗಳಲ್ಲಿ. ಎಷ್ಟು ಜನ ಬದುಕಿ ಉಳಿದರು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತ್ರೆ ಸರಿಯಾಗಿ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೇ ಇಲ್ಲ. ಇಷ್ಟು ಒಳ್ಳೆಯ ಔಷಧಿ ಕೈಗೆ ಬಂದ ಮೇಲೂ ಯಾವುದು ಅಡ್ಡ ಬರ್ತದೆ ಅಂತ ಕೇಳಿದರೆ, ಆ ಡಬ್ಬಿಯ ಸದ್ದು.

– ಸದ್ದು ಅಂದರೆ?

– ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂವತ್ತು ಮಾತ್ರೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡರೆ ಗಳಗಳ ಅನ್ನುತ್ತದೆ. ಘಟ್ಟದ ರಸ್ತೆಯ ಒಂದೊಂದು ತಿರುವಿಗೂ ಅನ್ನುತ್ತದೆ. ಪಕ್ಕದಲ್ಲಿ ಕೂತವರು ‘ಏನದು’ ಅಂತ ಕೇಳಿಯೇ ಕೇಳ್ತಾರೆ. ಹಾಗಾಗಿ ಕೆಲವರು ಆಸ್ಪತ್ರೆಯ ಹೊರಗೇ ಚೀಟಿ ಕಿತ್ತು ಮಾತ್ರೆಯನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಳ್ತಾರೆ. ಮಳೆಗಾಲದಲ್ಲಿ ನಿಮ್ಮ ಜೋಯಿಡಾದ ತೇವಕ್ಕೆ ಆ ಮಾತ್ರೆ ಏನಾಗಬೇಕು? ಒಬ್ಬಾಕೆ ಹತ್ತಿಯ ಉಂಡೆ ಮಾಡಿ ಡಬ್ಬಿಯ ಬಾಯಿಗೆ ತುರುಕಿ ತಂದಿದ್ದಳು. ಸದ್ದೂ ಇಲ್ಲ, ತೇವವೂ ಇಲ್ಲ. ಕೌಂಟರಿನಲ್ಲೇ ಒಂದು ಚೂರು ಹತ್ತಿ ಕೊಟ್ಟರೆ ಎಷ್ಟು ಜನರ ಮಾತ್ರೆ ಉಳೀತದೆ ನೋಡಿ. ಆ ಉಪಾಯ ದೊಡ್ಡ ಡಾಕ್ಟರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಡಬ್ಬಿ ಹೊತ್ತವಳಿಗೆ ಹೊಳೀತು. ಇಂಥ ಉಪಾಯ ನೂರು ಮನೆಗಳಲ್ಲಿ ನೂರು ಇರ್ತಾವೆ, ಒಂದು ಮನೆಯದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಅವನ್ನೆಲ್ಲ ಕೇಳಿ, ಒಟ್ಟು ಮಾಡಿ, ಒಳ್ಳೆಯದನ್ನು ಆರಿಸಿ, ನಡೀತದೋ ಇಲ್ಲವೋ ಪರೀಕ್ಷಿಸಿ ಮತ್ತೆ ಎಲ್ಲರಿಗೂ ಹಂಚುವುದಕ್ಕೇ ಕ್ರೌಡ್‌ಸೋರ್ಸಿಂಗ್ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದಕ್ಕೊಂದು ಕೈಪಿಡಿಯನ್ನೇ ಹೊರತಂದಿತು.

– ಕೈಪಿಡಿ ಬರೆಯುವುದು ಸುಲಭ. ಎಲ್ಲಾದರೂ ಇದರಿಂದ ನಿಜಕ್ಕೂ ಫಲ ಸಿಕ್ಕಿದೆಯೇ?

– ಚೀನಾದ ಗ್ವಾಂಗ್‌ಝೌನಲ್ಲಿ ಸೆಶ್ ಅನ್ನುವ ಒಂದು ಗುಂಪಿದೆ. ಗಂಡಸರ ಜೊತೆ ಸಂಬಂಧ ಇರುವ ಗಂಡಸರು ಎಚ್‌ಐವಿ ಪರೀಕ್ಷೆಗೆ ಬರ್ತಿರಲಿಲ್ಲ. ಜಾಹೀರಾತು ಕಂಪನಿಗಳ ವಿಡಿಯೊ ತೋರಿಸುವುದರ ಜೊತೆಗೆ ಆ ಗುಂಪು ಬಹಿರಂಗ ಸ್ಪರ್ಧೆ ಇಟ್ಟಿತು, ನೀವೇ ವಿಡಿಯೊ ಮಾಡಿ ಕಳಿಸಿ ಅಂತ. ಗೆದ್ದ ವಿಡಿಯೊವನ್ನು ಕಂಪನಿಯ ವಿಡಿಯೊ ಜೊತೆ ಹೋಲಿಸಿ ನೋಡಿದರು. ಫಲ ಅದಕ್ಕಿಂತ ಕಡಿಮೆ ಬರಲಿಲ್ಲ, ಖರ್ಚು ಕಡಿಮೆ ಆಯಿತು. ಆಮೇಲೆ ಗ್ವಾಂಗ್‌ಡಾಂಗ್, ಶಾಂಡಾಂಗ್ ಪ್ರಾಂತಗಳ 8 ನಗರಗಳಲ್ಲಿ ಪರೀಕ್ಷೆಯ ಇಡೀ ಕಾರ್ಯಕ್ರಮವನ್ನೇ ಹೀಗೆ ಜನರ ಉಪಾಯದಿಂದ ರೂಪಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಪ್ರಮಾಣ ಹಳೆಯ ವಿಧಾನಕ್ಕಿಂತ ಶೇ. 8.9ರಷ್ಟು ಹೆಚ್ಚಿತ್ತು.

– ಅದು ಕೋಟಿಗಟ್ಟಲೆ ಜನ ಇರುವ ಊರುಗಳ ಮಾತು. ಎಲ್ಲರ ಕೈಯಲ್ಲೂ ಫೋನು. ಇಲ್ಲಿ ಗುಡ್ಡ ಹತ್ತಿದರೆ ಸಿಗ್ನಲ್ ಬರ್ತದೆ, ಇಳಿದರೆ ಹೋಗ್ತದೆ. ಅದೂ ಇರಲಿ, ಸ್ಪರ್ಧೆಯಲ್ಲಿ ಯಾರಾದರೂ ಗೆದ್ದರು ಅನ್ನಿ, ಬಹುಮಾನ ತಗೊಳ್ಳಲು ವೇದಿಕೆ ಹತ್ತುತ್ತಾರೆಯೇ? ಗೆದ್ದ ಮರುದಿನ ಊರು ಬಿಡಬೇಕಾಗ್ತದೆ.

– ಒಪ್ಪಿದೆ. ಗ್ವಾಂಗ್‌ಝೌನದ್ದನ್ನು ಇಲ್ಲಿಗೆ ಹೊತ್ತು ತಂದರೆ ನಡೆಯುವುದಿಲ್ಲ. ಅದಕ್ಕೇ ನಾನು ಮೈಸೂರು, ಬಾಗಲಕೋಟೆ ಕಡೆ ನೋಡುವುದು. ಮೈಸೂರಿನ ಆಶೋದಯ ಸಮಿತಿಯ ಹೆಸರು ಕೇಳಿರಬೇಕು.

– ಲೈಂಗಿಕ ಕಾರ್ಯಕರ್ತರ ಸಂಘಟನೆ ಅಲ್ಲವೇ?

– ಹೌದು. ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರೂ ಇದ್ದಾರೆ. ಗೇಟ್ಸ್ ಪ್ರತಿಷ್ಠಾನದ ಆವಾಹನ್ ಯೋಜನೆಯ ಹಣದಲ್ಲಿ 2004ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಮೈಸೂರಿನಲ್ಲಿ ಮುಂಬೈಯ ಕಾಮಾಟಿಪುರದಂತೆ ಒಂದೇ ಕಡೆ ಗುರುತಿಸಬಹುದಾದ ಬೀದಿ ಇಲ್ಲ. ಬಸ್ ನಿಲ್ದಾಣ, ರಸ್ತೆ, ಲಾಡ್ಜು, ಮನೆ, ಎಲ್ಲಾ ಕಡೆ ಚದುರಿದ ಜನ. ಅವರು ಎಲ್ಲಿದ್ದಾರೆ ಅಂತ ಹೊರಗಿನ ಸಂಶೋಧಕರಿಗೆ ಹೇಗೆ ತಿಳಿಯಬೇಕು? ನಕ್ಷೆ ಹಾಕಿದವರು ಆ ಹೆಂಗಸರೇ. ತಮ್ಮಂಥವರನ್ನು ಹುಡುಕಿ ಮಾತಾಡಿಸಿದವರೂ ಅವರೇ, ಕ್ಲಿನಿಕ್ಕಿಗೆ ಕರೆತಂದವರೂ ಅವರೇ. 2004ರಲ್ಲಿ ಒಂದು ಸಮೀಕ್ಷೆ ಆಗಿತ್ತು, 2006ರಲ್ಲಿ ಇನ್ನೊಂದು. ಖಾಯಂ ಅಲ್ಲದ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತ್ತು, ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿದಿತ್ತು. ಎರಡೇ ವರ್ಷದಲ್ಲಿ.

– ಅಂಕಿ ಚೆನ್ನಾಗಿದೆ. ಆದರೆ ಅದೂ ನಗರವೇ.

– ಹಾಗಾದರೆ ಹಳ್ಳಿಗೆ ಬನ್ನಿ. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿ ನೋಡಿದರು. ವಯಸ್ಕರಲ್ಲಿ ಶೇ. 2.9 ಜನರಿಗೆ ಸೋಂಕು ಇತ್ತು, ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು. ಇದು ಪೇಟೆಯ ರೋಗ, ಲಾರಿ ಡ್ರೈವರುಗಳ ರೋಗ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಹಳ್ಳಿಯಲ್ಲಿ ಹೇಗೆ ಹರಡ್ತಿದೆ ಅಂತ ತಿಳಿಯಬೇಕಾದರೆ ಹಳ್ಳಿಯವರನ್ನೇ ಕೇಳಬೇಕು. ಮನೆ ಬಾಗಿಲಿಗೆ ಪೆನ್ನು ಹಿಡಿದು ಹೋಗಿ ‘ನಿಮಗೆ ಮದುವೆಯಾಚೆ ಸಂಬಂಧ ಇದೆಯಾ’ ಅಂದರೆ ಯಾವ ಹೆಣ್ಣುಮಗಳು ಹೌದು ಅಂದಾಳು? ಆಗ ಬಂದದ್ದು ಪೋಲಿಂಗ್ ಬೂತ್ ಸಮೀಕ್ಷೆ.

– ಚುನಾವಣೆಯ ಥರ?

– ಅದರ ಥರವೇ. ಹನ್ನೆರಡು ಹದಿನೈದು ಜನ ಒಂದು ಹಾಲ್‌ನಲ್ಲಿ ಕೂರ್ತಾರೆ. ಹೆಂಗಸರಾದರೆ ಎಲ್ಲರೂ ಹೆಂಗಸರೇ, ಗಂಡಸರಾದರೆ ಗಂಡಸರೇ. ಒಬ್ಬೊಬ್ಬರ ಮುಂದೂ ರಟ್ಟಿನ ಪರದೆ. ಪರದೆಯ ಹಿಂದೆ ಮೂರು ಡಬ್ಬಿ, ಹಸಿರು, ಕೆಂಪು, ಬಿಳಿ. ಕೈಯಲ್ಲಿ ನಂಬರು ಬರೆದ ಕಾರ್ಡುಗಳು, ಪ್ರಶ್ನೆಗೊಂದು. ಮುಂದೆ ನಿಂತವರು ಪ್ರಶ್ನೆ ಓದ್ತಾರೆ. ಮೂರನೇ ಪ್ರಶ್ನೆಗೆ ನಿಮ್ಮ ಉತ್ತರ ಹೌದಾದರೆ ಮೂರನೇ ನಂಬರಿನ ಕಾರ್ಡನ್ನು ಹಸಿರು ಡಬ್ಬಿಗೆ ಹಾಕಬೇಕು. ಅಲ್ಲ ಅಂದರೆ ಕೆಂಪಿಗೆ. ನನಗೆ ಸಂಬಂಧಿಸಿದ್ದಲ್ಲ ಅಂದರೆ ಬಿಳಿಗೆ. ಓದು ಬರಹ ಬೇಕಿಲ್ಲ, ಹೆಸರು ಬೇಕಿಲ್ಲ. ಕೊನೆಗೆ ಎಲ್ಲರ ಹಸಿರು ಡಬ್ಬಿಗಳನ್ನೂ ಒಂದೇ ರಾಶಿಗೆ ಸುರೀತಾರೆ. ಇಷ್ಟು ಜನರಲ್ಲಿ ಇಷ್ಟು ಹೌದು ಅಂತ ಮಾತ್ರ ಗೊತ್ತಾಗ್ತದೆ, ಯಾರ ಹೌದು ಅಂತ ಕೇಳಿದವರಿಗೂ ಗೊತ್ತಾಗುವುದಿಲ್ಲ. ಎದುರೆದುರು ಕೂತು ಕೇಳಿದಾಗ ಬಾರದ ಉತ್ತರಗಳು ಪರದೆಯ ಹಿಂದೆ ಬಂದವು. ಒಬ್ಬೊಬ್ಬರನ್ನು ಸಂದರ್ಶಿಸಿದ ಲೆಕ್ಕದ ಜೊತೆ ಹೋಲಿಸಿದಾಗ ಆ ವ್ಯತ್ಯಾಸ ಕಂಡಿತು. ಈ ಪದ್ಧತಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಬಳಕೆಗೆ ಬಂತು.

– ಇದು ನನಗೆ ಹಿಡಿಸಿತು. ಮುಖ್ಯವಾಗಿ ಆ ಬಿಳಿ ಡಬ್ಬಿ. ಶಾಲೆಯಲ್ಲಿ ನಾವು ಮಕ್ಕಳಿಗೆ ಹೌದು, ಅಲ್ಲ ಎರಡನ್ನೇ ಕೊಡ್ತೇವೆ. ಆದರೆ ಉಳವಿಯ ಲೆಕ್ಕಕ್ಕೆ ಇಳಿದು ನೋಡಿ. ನಮ್ಮ ಕಡೆ ಒಂದು ಹಳ್ಳಿ ಅಂದರೆ ಹತ್ತು ಹದಿನೈದು ಮನೆ, ನಡುವೆ ಕಾಡು. ಹನ್ನೆರಡು ಹೆಂಗಸರನ್ನು ಸೇರಿಸಿದರೆ ಹಳ್ಳಿಯೇ ಸೇರಿದ ಹಾಗೆ. ಹಸಿರು ರಾಶಿಯಲ್ಲಿ ಒಂದೇ ಒಂದು ಕಾರ್ಡು ಬಂತು ಅನ್ನಿ. ಸಂಜೆಯೊಳಗೆ ಆ ಒಬ್ಬಳು ಯಾರು ಅಂತ ಊಹೆ ಶುರುವಾಗ್ತದೆ. ಊಹೆ ತಪ್ಪಾಗಿ, ಏನೂ ಇಲ್ಲದ ಇನ್ನೊಬ್ಬಳ ಮೇಲೆ ಬಿದ್ದರಂತೂ ಅವಳ ಸಂಸಾರವೇ ಹಾಳು.

– ಇದನ್ನು ನೀವು ಹೇಳಿದ್ದು ಒಳ್ಳೆಯದಾಯಿತು. ಬಾಗಲಕೋಟೆಯ ಹಳ್ಳಿ ದೊಡ್ಡದು, ಅಲ್ಲಿ ಈ ಪ್ರಶ್ನೆ ಇಷ್ಟು ಬಿಗಿಯಾಗಿ ಏಳುವುದಿಲ್ಲ. ಇಲ್ಲಿ ಮರೆಯಾಗಲು ಮೊದಲು ಗುಂಪು ಬೇಕು. ಅದಕ್ಕೇ ನನ್ನ ಕಣ್ಣು ಜಾತ್ರೆಯ ಮೇಲೆ.

– ಚನ್ನಬಸವಣ್ಣನ ಜಾತ್ರೆಯಲ್ಲೇ?

– ಭಾರತ ಹುಣ್ಣಿಮೆಗೆ ಇಲ್ಲಿ ಬರುವ ಜನ ನೋಡಿ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು, ದಾರಿಯಲ್ಲಿ ಬಿಡಾರ ಹೂಡುತ್ತ ಬರ್ತಾರೆ. ಹಳಿಯಾಳ, ಮುಂಡಗೋಡದವರು ಇರ್ತಾರೆ, ದಾಂಡೇಲಿಯ ಕಾಗದ ಕಾರ್ಖಾನೆಯವರು, ಗೋವಾಕ್ಕೆ ದುಡಿಯಲು ಹೋಗಿ ಜಾತ್ರೆಗೆ ಅಂತ ಬಂದವರು. ಮನೆಯಿಂದ ಹೊರಗೆ ಬರಲು ಹೆಂಗಸರಿಗೆ ಯಾವ ನೆವವೂ ಬೇಕಿಲ್ಲದ ದಿನಗಳು ಅವು. ಆರೋಗ್ಯದ ಒಂದು ಡೇರೆ. ಬಿಪಿ, ಶುಗರ್, ರಕ್ತಹೀನತೆ, ಕಣ್ಣು, ಎಲ್ಲಾ ಅಲ್ಲೇ. ಅದರ ಒಂದು ಮೂಲೆಯಲ್ಲಿ ಪರದೆಗಳು. ಡೇರೆಯ ಮೇಲೆ ಏಡ್ಸ್ ಅಂತ ಬೋರ್ಡು ಹಾಕಬಾರದು. ಹಾಕಿದರೆ ಸಾಲಿನಲ್ಲಿ ನಿಲ್ಲುವುದೇ ಒಂದು ಉತ್ತರ ಕೊಟ್ಟ ಹಾಗಾಗ್ತದೆ.

– ದಾಸೋಹದ ಕೆಲಸದಲ್ಲಿ ನಾನು ಎಷ್ಟೋ ಜಾತ್ರೆ ಕಂಡಿದ್ದೇನೆ. ಹಿರಿಯರಲ್ಲಿ ಕೆಲವರು ಇದಕ್ಕೆ ಒಪ್ಪುವುದಿಲ್ಲ. ದೇವರ ಜಾಗದಲ್ಲಿ ಇದೆಲ್ಲ ಯಾಕೆ ಅಂತಾರೆ.

– ಅವರಿಗೆ ಸಂಕವ್ವೆಯನ್ನು ನೆನಪು ಮಾಡಿಕೊಡಿ. ಕಲ್ಯಾಣದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆ ಅಂತಲೇ ಹೆಸರು ಪಡೆದ ವಚನಕಾರ್ತಿ ಇದ್ದಾಳೆ. ಆಕೆಯದು ಉಳಿದಿರುವುದು ಒಂದೇ ವಚನ. ಆ ಒಂದನ್ನು ಕಾಪಾಡಿಕೊಂಡು ಬಂದದ್ದು ಇದೇ ಪರಂಪರೆ. ಕಲ್ಯಾಣ ಚದುರಿದಾಗ ಚನ್ನಬಸವಣ್ಣನ ಜೊತೆ ಉಳವಿಯ ಕಾಡಿಗೆ ಬಂದವರೂ ಆಶ್ರಯ ಹುಡುಕಿಕೊಂಡು ಬಂದವರೇ. ಇದಕ್ಕಿಂತ ಹೆಚ್ಚು ನಾನು ಎಳೆಯುವುದಿಲ್ಲ. ಹನ್ನೆರಡನೇ ಶತಮಾನದ ಹೆಗಲ ಮೇಲೆ ನಮ್ಮ ಸಮೀಕ್ಷೆಯನ್ನು ಹೊರಿಸುವುದು ಸರಿಯಲ್ಲ.

– ಹಿರಿಯರ ಜೊತೆ ನಾನು ಮಾತಾಡ್ತೇನೆ. ನನ್ನ ನಿಜವಾದ ಭಯ ಬೇರೆ. ಜನರನ್ನು ಕೇಳಿ, ಜನರನ್ನು ಕೇಳಿ ಅಂತೀರಿ. ಜನ ಏನು ಹೇಳ್ತಾರೆ ಗೊತ್ತಾ? ಸೋಂಕಿರುವ ಮಗುವನ್ನು ಶಾಲೆಯಿಂದ ತೆಗೀರಿ ಅಂತಾರೆ. ನಾನು ಮಾಸ್ತರಿಕೆ ಮಾಡಿದ ಒಂದು ಊರಿನಲ್ಲಿ ಪಾಲಕರು ಗುಂಪು ಕಟ್ಟಿಕೊಂಡು ಬಂದು ಅದನ್ನೇ ಹೇಳಿದ್ದರು. ಅವರೂ ಜನರೇ. ಅವರ ಕಾರ್ಡನ್ನೂ ಎಣಿಸ್ತೀರಾ?

– ಆ ಮಗುವಿನ ಹಕ್ಕು ಯಾರ ಕಾರ್ಡಿಗೂ ಸಿಗುವಂಥದ್ದಲ್ಲ. 2017ರ ಎಚ್‌ಐವಿ-ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆ, ಕೆಲಸ, ಚಿಕಿತ್ಸೆ, ಬಾಡಿಗೆ ಮನೆ, ಯಾವುದರಲ್ಲೂ ಭೇದ ಮಾಡುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ವಿಷಯ ಹೊರಗೆ ಬಿಡುವ ಹಾಗಿಲ್ಲ. ದೂರು ಕೇಳಲು ಪ್ರತಿ ರಾಜ್ಯವೂ ಓಂಬುಡ್ಸ್‌ಮನ್ ನೇಮಿಸಬೇಕು. ಇವು ಚರ್ಚೆಗಿಟ್ಟ ವಿಷಯಗಳಲ್ಲ. ಕೇಳಬೇಕಾದದ್ದು ಸೇವೆ ಪಡೆಯುವವರನ್ನು, ಪಡೆಯಲು ಆಗದೇ ಇರುವವರನ್ನು: ಕ್ಲಿನಿಕ್ಕು ಯಾವ ಹೊತ್ತಿಗೆ ತೆರೆದಿರಬೇಕು, ಯಾರು ನಿಮ್ಮನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು, ಯಾವ ಬಸ್ಸು ತಪ್ಪಿದರೆ ಮಾತ್ರೆ ತಪ್ಪುತ್ತದೆ ಅಂತ. ತೀರ್ಪು ಕೊಡಲು ಬಂದವರಿಂದ ಇದರಲ್ಲಿ ನಮಗೆ ತಿಳಿಯಬೇಕಾದದ್ದು ಏನೂ ಇಲ್ಲ.

– ಇದನ್ನು ಮೊದಲೇ ಬರೆದಿಡಬೇಕು, ಪ್ರಶ್ನೆ ಬರೆಯುವ ಮುಂಚೆ. ಇನ್ನೊಂದು ಮಾತು. ಕೇಳುವುದಕ್ಕೆ ಬಂದವರನ್ನು ಈ ತಾಲೂಕು ಬೇಕಾದಷ್ಟು ಕಂಡಿದೆ. ಅಣೆಕಟ್ಟು ಕಟ್ಟುವಾಗ ಬಂದರು, ಸೂಪಾ ಮುಳುಗಿತು, ಜನ ರಾಮನಗರಕ್ಕೆ ಎದ್ದು ಹೋದರು. ಹುಲಿ ಯೋಜನೆಗೆ ಬಂದರು. ಕೆಲವರು ಪುಸ್ತಕದಲ್ಲಿ ಬರೆದುಕೊಂಡು ಹೋದರು, ಕೆಲವರು ಅದನ್ನೂ ಮಾಡಲಿಲ್ಲ. ಕುಣಬಿ ಅಜ್ಜಿಗೆ ಈಗ ನೀವು ಕಾರ್ಡು ಕೊಟ್ಟರೆ ಆಕೆ ನಗ್ತಾಳೆ. ಹಾಕಿದ ಕಾರ್ಡಿಗೆ ಏನಾಯಿತು ಅಂತ ಬಂದು ಹೇಳುವವರು ಯಾರು?

– ಅದೇ ಇಡೀ ಕೆಲಸದ ಕಷ್ಟದ ಭಾಗ. ದಕ್ಷಿಣ ಆಫ್ರಿಕಾದಲ್ಲಿ 2013ರಲ್ಲಿ ಸ್ಟಾಪ್ ಸ್ಟಾಕ್‌ಔಟ್ಸ್ ಅನ್ನುವ ಕೆಲಸ ಶುರುವಾಯಿತು. ಔಷಧಿ ಇಲ್ಲ ಅಂತ ಕ್ಲಿನಿಕ್ಕಿನಿಂದ ವಾಪಸು ಕಳಿಸಿದರೆ ರೋಗಿಯಾಗಲಿ ನರ್ಸಾಗಲಿ ಒಂದು ನಂಬರಿಗೆ ತಿಳಿಸಬಹುದಿತ್ತು. ಹೆಸರು ಗುಟ್ಟಾಗಿರ್ತಿತ್ತು. ಅವರು ಅಲ್ಲಿಗೇ ಬಿಡಲಿಲ್ಲ. ಬಂದ ದೂರನ್ನು ಅಧಿಕಾರಿಗಳ ಬೆನ್ನು ಹತ್ತಿ ಕೇಳಿದರು, ಪ್ರಾಂತವಾರು ವರದಿ ಮಾಡಿ ಸರ್ಕಾರದ ಮುಂದಿಟ್ಟರು. ನಮ್ಮಲ್ಲಿ 2022ರ ಜುಲೈಯಲ್ಲಿ ಸೋಂಕಿತರೇ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಕಚೇರಿಯ ಮುಂದೆ ಧರಣಿ ಕೂತರು. ಮಾತ್ರೆ ಕೊರತೆ ಇದೆ, ತಿಂಗಳದ್ದು ಕೊಡುವ ಬದಲು ನಾಲ್ಕಾರು ದಿನದ್ದು ಕೊಟ್ಟು ಕಳಿಸ್ತಾರೆ ಅಂತ. ಇಲ್ಲಿಂದ ಒಂದು ದಿನದ ಕೂಲಿ ಬಿಟ್ಟು ಹೋದವರಿಗೆ ಆರು ದಿನದ ಮಾತ್ರೆ ಕೊಟ್ಟರೆ ಏನರ್ಥ ಹೇಳಿ. ಆ ಧರಣಿ ವಾರಗಟ್ಟಲೆ ನಡೀತು. ಕೇಳಿಸಿಕೊಳ್ಳಲು ಒಂದು ಜಾಗ ಮೊದಲೇ ಇದ್ದಿದ್ದರೆ ಹುಷಾರಿಲ್ಲದವರು ಬಿಸಿಲಲ್ಲಿ ಕೂರಬೇಕಾಗಿರಲಿಲ್ಲ. ನನಗೆ ಇವತ್ತಿಗೂ ಅದು ಸಂಕಟ.

– ಹಾಗಾದರೆ ಡೇರೆ ಹಾಕುವ ಮುಂಚೆ ಆರೋಗ್ಯ ಇಲಾಖೆಯವರಿಂದ ಒಂದು ಮಾತು ತಗೊಳ್ಳಬೇಕು. ಎಲ್ಲವನ್ನೂ ಮಾಡಿ ಅಂತಲ್ಲ. ಬಂದ ಉಪಾಯಗಳಲ್ಲಿ ಎರಡನ್ನಾದರೂ ಮುಂದಿನ ಜಾತ್ರೆಯೊಳಗೆ ಮಾಡಿ ತೋರಿಸ್ತೇವೆ ಅಂತ ಬರಹದಲ್ಲಿ. ಅದು ಸಿಗದಿದ್ದರೆ ಡೇರೆಯೇ ಬೇಡ.

– ಡೇರೆಯೇ ಬೇಡ ಅನ್ನುವುದು ನನಗೆ ಕಠಿಣ ಅನ್ನಿಸ್ತದೆ. ಬಿಪಿ, ಶುಗರ್ ಆದರೂ ನೋಡಬಹುದಲ್ಲ.

– ಅದು ನೋಡಿ. ಪರದೆ ಮಾತ್ರ ಬೇಡ.

– ಆಯಿತು. ಒಂದಂತೂ ಕಷ್ಟವಿಲ್ಲದೆ ಆಗುವಂಥದ್ದು. ಚಿಕಿತ್ಸೆಗೆ ಚೆನ್ನಾಗಿ ಹೊಂದಿಕೊಂಡವರಿಗೆ ಒಂದೇ ಸಲ ಮೂರು ತಿಂಗಳ ಮಾತ್ರೆ ಕೊಡುವ ಅವಕಾಶ ಇದೆ. ಕೋವಿಡ್ ಕಾಲದಲ್ಲಿ ಅದಕ್ಕೆ ಒತ್ತು ಸಿಕ್ಕಿತು. ನಿಮಗೆ ಅದು ಸಿಗ್ತಿದೆಯೇ ಅಂತ ಕೇಳಿದರೆ, ಎಲ್ಲಿ ಕೊಡ್ತಿಲ್ಲ ಅಂತ ಗೊತ್ತಾದ ಮರುದಿನವೇ ಸರಿ ಮಾಡಬಹುದು.

– ಆದರೆ ಆ ಉತ್ತರ ಹಳ್ಳಿವಾರು ಬರೆಯಬೇಡಿ. ತಾಲೂಕುವಾರೂ ಬೇಡ, ಜೋಯಿಡಾಕ್ಕೆ ಅದೂ ಅಪಾಯವೇ. ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ನಾಲ್ಕನ್ನೂ ಸೇರಿಸಿ ಒಂದೇ ಲೆಕ್ಕ. ಗುಂಪು ಕೂರಿಸುವಾಗಲೂ ಒಂದು ಊರಿನವರು ಒಟ್ಟಿಗೆ ಬೇಡ, ಕಲಸಿ ಕೂರಿಸಿ.

– ಜಾತ್ರೆಯಲ್ಲಿ ಅದು ತಾನಾಗೇ ಆಗ್ತದೆ. ಭಾಷೆ ಮಾತ್ರ ಯೋಚನೆ. ಕನ್ನಡ ಒಂದರಲ್ಲೇ ಓದಿದರೆ ಕುಣಬಿಯರು, ಸಿದ್ದಿಯರು, ಗೌಳಿಗರು ಅರ್ಧ ಬಿಟ್ಟುಹೋಗ್ತಾರೆ. 1966ರಿಂದ ಮುಂಡಗೋಡದಲ್ಲಿರುವ ಟಿಬೆಟಿಯನ್ನರು ಬಂದರೆ ಅವರದೇ ಬೇರೆ. ಪ್ರಶ್ನೆಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಕೇಳಿಸಬೇಕು. ಓದುವ ದನಿ ಪರಿಚಯದವರದ್ದಾಗಿರಬಾರದು.

– ಕೊಂಕಣಿ, ಮರಾಠಿ ದನಿಗೆ ಕಾರವಾರ ಕಡೆಯವರನ್ನು ಹಿಡಿಯೋಣ. ಎಷ್ಟು ಪ್ರಶ್ನೆ?

– ಹನ್ನೆರಡು ಸಾಕು. ಹನ್ನೊಂದಕ್ಕೆ ಕಾರ್ಡು. ಕೊನೆಯದ್ದಕ್ಕೆ ಪರದೆಯ ಹಿಂದೆ ಒಂದು ಸಣ್ಣ ಯಂತ್ರ ಇಡೋಣ, ಗುಂಡಿ ಒತ್ತಿ ಒಂದು ನಿಮಿಷ ಮಾತಾಡಲು. ಅವರವರ ಹತ್ತಿಯ ಉಂಡೆ ಯಾವುದು ಅಂತ ಹೇಳಲಿ.

– ಬೇಡ. ಉಳವಿಯಲ್ಲಿ ದನಿಯೇ ಹೆಸರು. ಯಾರದಾದರೂ ಕೆಮ್ಮು ಕೇಳಿದರೂ ನಾನು ಇಂಥವರು ಅಂತ ಹೇಳಬಲ್ಲೆ. ಉಪಾಯವನ್ನು ಒಬ್ಬ ಹೊರಗಿನ ಹೆಣ್ಣುಮಗಳ ಕಿವಿಯಲ್ಲಿ ಹೇಳಲಿ, ಆಕೆ ತನ್ನ ಮಾತಿನಲ್ಲಿ ಬರೆದುಕೊಳ್ಳಲಿ.

– ಹಾಗಾದರೆ ಹೇಳಿದವರ ಮಾತೇ ಉಳಿಯುವುದಿಲ್ಲವಲ್ಲ.

– ಮಾತು ಹೋಗಲಿ, ಉಪಾಯ ಉಳೀತದೆ. ಹೇಳಿದವಳು ಊರಲ್ಲಿ ಉಳೀತಾಳೆ.

– ಸರಿ, ಯಂತ್ರ ಬೇಡ. ಹನ್ನೊಂದು ಪ್ರಶ್ನೆ ನಾನು ಬರೆದು ತರ್ತೇನೆ. ನೀವು ಆ ಬರಹದಲ್ಲಿ ಕೇಳಬೇಕಾದ ಮಾತಿನ ಕರಡು ಮಾಡಿ, ಇಲಾಖೆಗೆ ಕೊಡಲು. ‘ಎರಡನ್ನಾದರೂ’ ಅನ್ನುವುದನ್ನು ಅಕ್ಷರದಲ್ಲೇ ಬರೆಯಿರಿ, ಆಮೇಲೆ ಯಾರೂ ತಿದ್ದದ ಹಾಗೆ.